ಕೆಲಸ ಹೋದ ವರ್ಷವೇ ನಿರುದ್ಯೋಗ ಇಳಿದದ್ದು ಹೇಗೆ?

2020ರ ಏಪ್ರಿಲ್, ಮೇ, ಜೂನ್ ತಿಂಗಳುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಗಿತ್ತು. ಆ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಸಿದಿದೆ ಅಂತ ಸರ್ಕಾರದ ಮೊದಲ ಅಂದಾಜೇ ಹೇಳಿತು. ಮುಂದಿನ ಮೂರು ತಿಂಗಳೂ ಕುಸಿತವೇ. ಸತತ ಎರಡು ತ್ರೈಮಾಸಿಕ ಹೀಗಾದರೆ ಅದನ್ನು ಆರ್ಥಿಕ ಹಿಂಜರಿತ ಅನ್ನುತ್ತಾರೆ.

ಆಗ ದೇಶದಲ್ಲಿ ನಿರುದ್ಯೋಗ ಎಷ್ಟಿತ್ತು? ಈ ಪ್ರಶ್ನೆಗೆ ಮೂರು ಉತ್ತರಗಳಿವೆ. ಸಿಎಂಐಇ ಎಂಬ ಖಾಸಗಿ ಸಂಸ್ಥೆ ಏಪ್ರಿಲ್ ತಿಂಗಳಿಗೆ ಶೇ 23.5 ಅಂದಿತು. ಸರ್ಕಾರದ್ದೇ ಆದ ಪಿಎಲ್‌ಎಫ್‌ಎಸ್, ಅಂದರೆ ಮನೆಮನೆಗೆ ಹೋಗಿ ಯಾರಿಗೆ ಕೆಲಸ ಇದೆ ಅಂತ ಲೆಕ್ಕ ಹಿಡಿಯುವ ಸಮೀಕ್ಷೆ, ಏಪ್ರಿಲ್–ಜೂನ್ ಅವಧಿಗೆ, ನಗರಗಳಲ್ಲಿ, ಶೇ 20.8 ಅಂದಿತು. ಅದೇ ಪಿಎಲ್‌ಎಫ್‌ಎಸ್‌ನ ವಾರ್ಷಿಕ ವರದಿ 2019-20ಕ್ಕೆ, ಅಂದರೆ 2019ರ ಜುಲೈಯಿಂದ 2020ರ ಜೂನ್‌ವರೆಗೆ, ಶೇ 4.8 ಅಂದಿತು. ಅದರ ಹಿಂದಿನ ವರ್ಷ ಶೇ 5.8 ಇತ್ತು. ಲಾಕ್‌ಡೌನ್ ಬಂದ ವರ್ಷ ನಿರುದ್ಯೋಗ ಇಳಿಯಿತು! ಮರುವರ್ಷ 2020-21ರಲ್ಲಿ ಇನ್ನೂ ಇಳಿದು ಶೇ 4.2ಕ್ಕೆ ಬಂತು.

ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ತಮಗೆ ಬೇಕಾದ ಅಂಕಿಯನ್ನು ಎತ್ತಿಕೊಂಡು ಉಳಿದದ್ದೆಲ್ಲ ಕಟ್ಟುಕಥೆ ಅನ್ನುತ್ತಾರೆ. ಸರ್ಕಾರದ ಪರ ಇರುವವರು 4.2 ತೋರಿಸುತ್ತಾರೆ, ವಿರೋಧ ಇರುವವರು 23.5 ತೋರಿಸುತ್ತಾರೆ, ಇಬ್ಬರೂ ಜಗಳಾಡುತ್ತಾರೆ, ಆದರೆ ಆ ಅಂಕಿ ಯಾವ ಪ್ರಶ್ನೆಗೆ ಬಂದ ಉತ್ತರ ಅಂತ ಇಬ್ಬರೂ ಕೇಳುವುದಿಲ್ಲ. ನನ್ನ ಮಟ್ಟಿಗೆ, ನಮ್ಮಂಥ ದೇಶದಲ್ಲಿ ಹಿಂಜರಿತದ ಹೊತ್ತಿಗೆ ನೋಡಬೇಕಾದ ಮೊದಲ ಅಂಕಿ ನಿರುದ್ಯೋಗ ದರ ಅಲ್ಲವೇ ಅಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ದರದ ಲೆಕ್ಕ. ಕೆಲಸ ಇಲ್ಲದವರೆಲ್ಲ ನಿರುದ್ಯೋಗಿಗಳಲ್ಲ. ಕೆಲಸ ಇಲ್ಲದೆ, ಕೆಲಸ ಹುಡುಕುತ್ತಾ, ಸಿಕ್ಕರೆ ಮಾಡೋಕೆ ತಯಾರಿರುವವರು ಮಾತ್ರ ನಿರುದ್ಯೋಗಿಗಳು. ಕೆಲಸ ಇರುವವರು ಮತ್ತು ಈ ನಿರುದ್ಯೋಗಿಗಳು, ಇಬ್ಬರೂ ಸೇರಿದರೆ ಕಾರ್ಮಿಕ ಬಲ. ನಿರುದ್ಯೋಗ ದರ ಅಂದರೆ ಈ ಕಾರ್ಮಿಕ ಬಲದಲ್ಲಿ ನಿರುದ್ಯೋಗಿಗಳ ಪಾಲು, ಒಟ್ಟು ಜನಸಂಖ್ಯೆಯಲ್ಲಿ ಅಲ್ಲ. ಓದುವವರು, ಮನೆಗೆಲಸ ಮಾತ್ರ ಮಾಡುವವರು, ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವರು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಒಂದು ಊರಲ್ಲಿ 100 ಜನ ವಯಸ್ಕರಿದ್ದಾರೆ ಅಂದುಕೊಳ್ಳಿ. 54 ಜನಕ್ಕೆ ಕೆಲಸ ಇದೆ, 6 ಜನ ಹುಡುಕುತ್ತಿದ್ದಾರೆ. ಕಾರ್ಮಿಕ ಬಲ 60, ನಿರುದ್ಯೋಗ ಶೇ 10. ಈಗ ಹಿಂಜರಿತ ಬಂತು, 5 ಜನರ ಕೆಲಸ ಹೋಯಿತು. ಕೆಲಸ ಇರುವವರು 49, ಹುಡುಕುವವರು 11, ದರ ಶೇ 18ಕ್ಕೆ ಏರಿತು. ಇದು ಎಲ್ಲರಿಗೂ ಅರ್ಥವಾಗುವ ಭಾಗ. ಕೆಲವು ತಿಂಗಳಾಯಿತು, ಎಲ್ಲೂ ಏನೂ ಸಿಗುತ್ತಿಲ್ಲ, ಆ 11ರಲ್ಲಿ 7 ಜನ ಹುಡುಕೋದನ್ನೇ ಬಿಟ್ಟರು. ಈಗ ನಿರುದ್ಯೋಗಿಗಳು 4, ಕಾರ್ಮಿಕ ಬಲ 53, ದರ ಶೇ 7.5. ಹಿಂಜರಿತಕ್ಕೆ ಮುಂಚೆ 10 ಇದ್ದದ್ದು ಈಗ 7.5! ಒಬ್ಬರಿಗೂ ಹೊಸ ಕೆಲಸ ಸಿಕ್ಕಿಲ್ಲ. 54ರಿಂದ 49ಕ್ಕೆ ಇಳಿದ ಕೆಲಸ ಇರುವವರ ಸಂಖ್ಯೆ ಅಲ್ಲೇ ಇದೆ.

ಇದು ಸುಮ್ನೆ ಕಾಗದದ ಮೇಲಿನ ಲೆಕ್ಕ ಅಲ್ಲ. ಸಿಎಂಐಇಯ ಅಂಕಿಗಳನ್ನೇ ತೆಗೆದುಕೊಳ್ಳಿ. 2020ರ ಮಾರ್ಚ್‌ನಲ್ಲಿ ವಯಸ್ಕರಲ್ಲಿ ಶೇ 41.9 ಜನ ಕಾರ್ಮಿಕ ಬಲದಲ್ಲಿದ್ದರು, ಏಪ್ರಿಲ್‌ನಲ್ಲಿ ಶೇ 35.6. ಕೆಲಸ ಇರುವವರ ಪಾಲು ಶೇ 38.2ರಿಂದ ಶೇ 27.2ಕ್ಕೆ ಬಿತ್ತು. ಅಂದರೆ ಪ್ರತಿ 100 ವಯಸ್ಕರಲ್ಲಿ 11 ಜನರ ಕೆಲಸ ಒಂದೇ ತಿಂಗಳಲ್ಲಿ ಹೋಯಿತು. ಇವರಲ್ಲಿ 5ಕ್ಕಿಂತ ಕಡಿಮೆ ಜನ ನಿರುದ್ಯೋಗಿಗಳ ಪಟ್ಟಿಗೆ ಸೇರಿದರು, 6ಕ್ಕಿಂತ ಜಾಸ್ತಿ ಜನ ಲೆಕ್ಕದಿಂದಲೇ ಆಚೆ ಹೋದರು. ಊರೆಲ್ಲ ಬೀಗ ಹಾಕಿರುವಾಗ, ಪೊಲೀಸರು ರಸ್ತೆಗಿಳಿಯೋಕೆ ಬಿಡದಿರುವಾಗ, ಕೆಲಸ ಹುಡುಕೋದು ಎಲ್ಲಿ? ಹೀಗೆ ಆಚೆ ಹೋದವರನ್ನೂ ನಿರುದ್ಯೋಗಿಗಳೆಂದೇ ಲೆಕ್ಕ ಹಿಡಿದರೆ ಆ ಏಪ್ರಿಲ್‌ನ ದರ 23.5 ಅಲ್ಲ, ಶೇ 35ರ ಹತ್ತಿರ ಬರುತ್ತದೆ. ಹಾಗಾಗಿ ಜನ ಭಯಾನಕ ಅಂದುಕೊಂಡ ಆ 23.5 ಕೂಡ ನಿಜಕ್ಕೂ ಆದ ಹೊಡೆತಕ್ಕಿಂತ ಕಡಿಮೆಯದ್ದೇ.

ಜಗತ್ತಿನಾದ್ಯಂತ ಆದದ್ದೂ ಇದೇ. 2020ರಲ್ಲಿ ಒಟ್ಟು 11.4 ಕೋಟಿ ಜನರ ಕೆಲಸ ಹೋಯಿತು, ಅದರಲ್ಲಿ ನಿರುದ್ಯೋಗಿಗಳೆಂದು ಲೆಕ್ಕಕ್ಕೆ ಸಿಕ್ಕವರು 3.3 ಕೋಟಿ ಮಾತ್ರ, ಉಳಿದ 8.1 ಕೋಟಿ ಜನ ಕಾರ್ಮಿಕ ಬಲದಿಂದಲೇ ಹೊರಗೆ ಹೋದರು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರ ಜನವರಿಯಲ್ಲಿ ಅಂದಾಜು ಮಾಡಿತು.

ಇನ್ನು ಎರಡನೇ ವಿಷಯ, ನನಗೆ ಅತಿ ಮುಖ್ಯ ಅನ್ನಿಸುವುದು: ಯಾವ ಅವಧಿಯ ಬಗ್ಗೆ ಕೇಳುತ್ತಿದ್ದಾರೆ ಅನ್ನೋದು. ಪಿಎಲ್‌ಎಫ್‌ಎಸ್ ಸಿಬ್ಬಂದಿ ಮನೆಗೆ ಬಂದಾಗ ಎರಡು ಥರ ಲೆಕ್ಕ ಬರೆದುಕೊಳ್ಳುತ್ತಾರೆ. ಒಂದು, ಕಳೆದ 365 ದಿನಗಳಲ್ಲಿ ನೀವು ಸಾಮಾನ್ಯವಾಗಿ ಏನು ಮಾಡುತ್ತಿದ್ದಿರಿ. ಇನ್ನೊಂದು, ಕಳೆದ 7 ದಿನಗಳಲ್ಲಿ ಏನು ಮಾಡಿದಿರಿ. ವರ್ಷದ ಲೆಕ್ಕದಲ್ಲಿ ಜಾಸ್ತಿ ಕಾಲ ಏನು ಮಾಡಿದಿರೋ ಅದು ನಿಮ್ಮ ಸ್ಥಿತಿ, ಅದು ಸಾಲದು ಅಂತ ಬೇರೆ ಯಾವುದಾದರೂ ಕೆಲಸವನ್ನು 30 ದಿನ ಮಾಡಿದ್ದರೂ ನಿಮ್ಮನ್ನು ಕೆಲಸ ಇರುವವರಿಗೇ ಸೇರಿಸುತ್ತಾರೆ. ವಾರದ ಲೆಕ್ಕದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು.

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ಗಾರೆ ಕೆಲಸ ಮಾಡುವ ಒಬ್ಬರನ್ನು ಊಹಿಸಿಕೊಳ್ಳಿ. 2019ರ ಜುಲೈಯಿಂದ 2020ರ ಮಾರ್ಚ್‌ವರೆಗೆ ಒಂಬತ್ತು ತಿಂಗಳು ಬಿಡದೆ ಕೆಲಸ ಇತ್ತು. ಲಾಕ್‌ಡೌನ್ ಬಂತು, ಸೈಟು ನಿಂತಿತು. ಮೇ ತಿಂಗಳಲ್ಲಿ ಹೇಗೋ ಊರು ಸೇರಿದರು. ಜೂನ್‌ನಲ್ಲಿ ಮಳೆ ಬಿತ್ತು, ಅಣ್ಣನ ಎರಡು ಎಕರೆಯಲ್ಲಿ ಬಿತ್ತನೆಗೆ ಕೈಜೋಡಿಸಿದರು. ಸಂಬಳ ಇಲ್ಲ, ಊಟ ಇದೆ. ಜೂನ್ ಕೊನೆಗೆ ಸಮೀಕ್ಷೆಯವರು ಬಂದು ಕೇಳಿದರೆ ವರ್ಷದ ಲೆಕ್ಕದಲ್ಲಿ ಇವರಿಗೆ ಕೆಲಸ ಇದೆ, ಯಾಕೆಂದರೆ ಒಂಬತ್ತು ತಿಂಗಳು ದುಡಿದಿದ್ದಾರಲ್ಲ. ವಾರದ ಲೆಕ್ಕದಲ್ಲೂ ಕೆಲಸ ಇದೆ, ಯಾಕೆಂದರೆ ಆ ವಾರ ಹೊಲಕ್ಕೆ ಹೋಗಿದ್ದಾರೆ. ಸಮೀಕ್ಷೆಯಲ್ಲಿ ಪ್ರತಿ ಸ್ಥಿತಿಗೂ ಒಂದು ಕೋಡ್ ಸಂಖ್ಯೆ ಇದೆ, ಇವರದ್ದು ಕೋಡ್ 21: ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕ. ಎರಡು ಕಡೆಯೂ ಇವರು ನಿರುದ್ಯೋಗಿ ಅಲ್ಲ. ಹೋದ ಫೆಬ್ರುವರಿಯಲ್ಲಿ ದಿನಗೂಲಿ ಎಣಿಸುತ್ತಿದ್ದ ಮನುಷ್ಯ ಜೂನ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಕೂತಿದ್ದಾರೆ, ಆದರೂ ಪಟ್ಟಿಯಲ್ಲಿ ಆಗಲೂ ಈಗಲೂ ಕೆಲಸ ಇರುವವರೇ.

ಸಮೀಕ್ಷೆಯಲ್ಲಿ ಇನ್ನೊಂದು ಕೋಡ್ ಇದೆ, 72. ಸಂಬಳದ ಕೆಲಸ ಇದೆ, ಆದರೆ ಆ ವಾರ ಹುಷಾರಿಲ್ಲದ್ದು ಬಿಟ್ಟು ಬೇರೆ ಕಾರಣಕ್ಕೆ ಕೆಲಸ ಮಾಡಲಿಲ್ಲ ಅಂತ. ಮದುವೆಗೋ ಜಾತ್ರೆಗೋ ರಜೆ ಹಾಕಿದವರಿಗೆ ಇದು ಸರಿಯಾಗಿಯೇ ಇದೆ. ಆದರೆ ಫ್ಯಾಕ್ಟರಿ ಬಾಗಿಲು ಹಾಕಿ, "ಕರೆದಾಗ ಬನ್ನಿ" ಅಂದು ಸಂಬಳ ಕೊಡದೆ ಕಳಿಸಿದ ಹೆಣ್ಣುಮಗಳು, ತನಗೆ ಕೆಲಸ ಇನ್ನೂ ಇದೆ ಅಂತ ನಂಬಿಕೊಂಡು ಹಾಗೇ ಹೇಳಿದರೆ? ಅವರೂ ಇದೇ ಕೋಡ್‌ಗೆ ಹೋಗಿಬಿಡಬಹುದು. ಅಮೆರಿಕದಲ್ಲಿ ಇದೇ ಎಡವಟ್ಟು ದೊಡ್ಡ ಮಟ್ಟದಲ್ಲಿ ಆಯಿತು. 2020ರ ಏಪ್ರಿಲ್‌ಗೆ ಅಲ್ಲಿ ನಿರುದ್ಯೋಗ ಶೇ 14.7 ಅಂತ ಪ್ರಕಟವಾಯಿತು. ತಾತ್ಕಾಲಿಕವಾಗಿ ಮನೆಗೆ ಕಳಿಸಿದ ಎಷ್ಟೋ ಜನರನ್ನು "ಕೆಲಸ ಇದೆ, ಗೈರುಹಾಜರಿ" ಅಂತ ಬರೆದುಕೊಂಡಿದ್ದಾರೆ, ಅದನ್ನು ಸರಿಪಡಿಸಿದರೆ ದರ ಸುಮಾರು 5 ಶೇಕಡಾಂಶ ಜಾಸ್ತಿ ಆಗುತ್ತಿತ್ತು ಅಂತ ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆ ಅದೇ ವರದಿಯ ಜೊತೆಗೆ ಬರೆಯಿತು. ತಪ್ಪನ್ನು ತಾನೇ ಅಂಕಿಯ ಪಕ್ಕದಲ್ಲೇ ಒಪ್ಪಿಕೊಂಡ ಈ ನಡೆ ನನಗೆ ತುಂಬಾ ಇಷ್ಟವಾಯಿತು.

ಈಗ ಆ ನಗರದ 20.8ಕ್ಕೆ ಬರೋಣ. ಇದು ವಾರದ ಲೆಕ್ಕ, ಹಾಗಾಗಿ ಹೊಡೆತ ತಕ್ಷಣ ಕಾಣಿಸಿತು. ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಶೇ 9.1 ಇತ್ತು. ಆದರೆ ಆಗ ತ್ರೈಮಾಸಿಕ ಲೆಕ್ಕ ನಗರಗಳಿಗೆ ಮಾತ್ರ ಸಿಗುತ್ತಿತ್ತು, ಹಳ್ಳಿಗಳಿಗೆ ವರ್ಷಕ್ಕೊಂದೇ ಲೆಕ್ಕ. ನಮ್ಮ ಗಾರೆ ಕೆಲಸದವರು ಬೆಂಗಳೂರಿನ ಬಾಡಿಗೆ ಕೋಣೆ ಖಾಲಿ ಮಾಡಿ ಹೊರಟ ದಿನವೇ ನಗರದ ನಿರುದ್ಯೋಗಿಗಳ ಪಟ್ಟಿಯಿಂದಲೂ ನಗರದ ಕಾರ್ಮಿಕ ಬಲದಿಂದಲೂ ಮಾಯವಾದರು. ಲಕ್ಷಾಂತರ ಜನ ಹೀಗೇ ಹೊರಟರು. ಮೇ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರ ಬಿಲ್ಡರ್‌ಗಳ ಜೊತೆ ಸಭೆ ಮಾಡಿದ ಮೇಲೆ, ವಲಸೆ ಕಾರ್ಮಿಕರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದಾಗ ಮತ್ತೆ ಓಡಿಸಲು ಒಪ್ಪಿಕೊಂಡದ್ದು ನೆನಪಿರಬಹುದು. ಹೊರಟವರ ಸಂಖ್ಯೆ ಅಷ್ಟು ದೊಡ್ಡದಿತ್ತು. ಮುಂದಿನ ತ್ರೈಮಾಸಿಕದಲ್ಲಿ ನಗರದ ದರ ಶೇ 13.2ಕ್ಕೆ ಇಳಿಯಿತು. ಅಂಗಡಿ, ಫ್ಯಾಕ್ಟರಿ ತೆರೆದದ್ದು ಇದಕ್ಕೆ ಕಾರಣ, ನಿಜ. ಆದರೆ ಕೆಲಸ ಕಳೆದುಕೊಂಡವರಲ್ಲಿ ಎಷ್ಟೋ ಜನ ನಗರದಲ್ಲೇ ಇರಲಿಲ್ಲ ಅನ್ನೋದನ್ನು ಮರೆತು ಆ ಇಳಿಕೆಯನ್ನು ಓದಬಾರದು.

ವರ್ಷದ ಲೆಕ್ಕದ ಒಳಗೆ ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. 2019-20ರ ವರದಿ ಅಂದರೆ ಆ ವರ್ಷ ಪೂರ್ತಿ ಬೇರೆ ಬೇರೆ ಮನೆಗಳಿಗೆ ಹೋಗಿ ಕೇಳಿದ್ದು. 2019ರ ಆಗಸ್ಟ್‌ನಲ್ಲಿ ಕೇಳಿದ ಮನೆಯವರು ಹೇಳಿದ್ದು 2018ರ ಆಗಸ್ಟ್‌ನಿಂದ ನಡೆದದ್ದನ್ನು. 2020ರ ಜನವರಿಯಲ್ಲಿ ಕೇಳಿದವರಿಗೆ ಕೊರೊನಾ ಅನ್ನೋ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಆ ವರ್ಷದ ಮುಕ್ಕಾಲು ಪಾಲು ಉತ್ತರಗಳಲ್ಲಿ ಲಾಕ್‌ಡೌನ್ ಇರಲು ಸಾಧ್ಯವೇ ಇಲ್ಲ. ಉಳಿದ ಕಾಲು ಪಾಲಿನಲ್ಲೂ 365 ದಿನಗಳಲ್ಲಿ ಕೆಲವು ತಿಂಗಳು ಮಾತ್ರ. ಜೊತೆಗೆ 2020ರ ಮಾರ್ಚ್ 18ಕ್ಕೆ ಮನೆಮನೆ ಸಮೀಕ್ಷೆಯೇ ನಿಂತುಹೋಗಿ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಇಂಥ ಅಂಕಿಯನ್ನು ಕೈಯಲ್ಲಿ ಹಿಡಿದು "ಲಾಕ್‌ಡೌನ್‌ನಿಂದ ಉದ್ಯೋಗಕ್ಕೆ ಏನೂ ಆಗಿಲ್ಲ" ಅನ್ನೋದು ತಪ್ಪು. ಆ ಪ್ರಶ್ನೆಯನ್ನು ಆ ಲೆಕ್ಕ ಕೇಳಿಯೇ ಇಲ್ಲ. ಅದೇ ವರದಿಯಲ್ಲಿ ವಾರದ ಲೆಕ್ಕದ ಪ್ರಕಾರ ದರ ಶೇ 8.8 ಇದೆ, ಹೆಚ್ಚು ಕಡಿಮೆ ಎರಡು ಪಟ್ಟು.

ಹಾಗಾದರೆ ಅಂಕಿಗಳಲ್ಲಿ ಹಿಂಜರಿತ ಎಲ್ಲೂ ಕಾಣಿಸಲೇ ಇಲ್ವಾ? ಕಾಣಿಸಿತು. ಎಷ್ಟು ಜನಕ್ಕೆ ಕೆಲಸ ಇದೆ ಅನ್ನೋ ಪುಟದಲ್ಲಿ ಅಲ್ಲ, ಎಂಥ ಕೆಲಸ ಅನ್ನೋ ಪುಟದಲ್ಲಿ. ಒಟ್ಟು ಕೆಲಸಗಾರರಲ್ಲಿ ಕೃಷಿಯಲ್ಲಿರುವವರು 2018-19ರಲ್ಲಿ ಶೇ 42.5 ಇದ್ದವರು 2019-20ರಲ್ಲಿ 45.6, 2020-21ರಲ್ಲಿ 46.5 ಆದರು. ದಶಕಗಳಿಂದ ಇಳಿಯುತ್ತಾ ಬಂದಿದ್ದ ಪಾಲು ಅದು, ತಿರುಗಿ ಮೇಲೆ ಹೋಯಿತು. ಸಂಬಳವಿಲ್ಲದ ಸಹಾಯಕರು, ಅದೇ ಕೋಡ್ 21, ಶೇ 13.3ರಿಂದ 15.9ಕ್ಕೆ, ಅಲ್ಲಿಂದ 17.3ಕ್ಕೆ ಏರಿದರು. ತಿಂಗಳ ಸಂಬಳದವರು ಶೇ 23.8ರಿಂದ 21.1ಕ್ಕೆ ಇಳಿದರು. ಈ ಮೂರು ಸಾಲನ್ನು ಒಟ್ಟಿಗೆ ಓದಿ. ಸಂಬಳ ಹೋಯಿತು, ಊರಿಗೆ ಬಂದರು, ಮನೆಯವರ ಹೊಲದಲ್ಲೋ ಅಂಗಡಿಯಲ್ಲೋ ಕೈಜೋಡಿಸಿದರು. ಮೂರು ಜನ ಮಾಡುತ್ತಿದ್ದ ಹೊಲದ ಕೆಲಸವನ್ನು ಐದು ಜನ ಹಂಚಿಕೊಂಡರು. ಬೆಳೆ ಹೆಚ್ಚಲಿಲ್ಲ, ಆದಾಯ ಹೆಚ್ಚಲಿಲ್ಲ, ಆದರೆ ಲೆಕ್ಕದಲ್ಲಿ ಐದೂ ಜನಕ್ಕೆ ಕೆಲಸ ಇದೆ.

ಹೆಂಗಸರ ವಿಷಯದಲ್ಲಿ ಇದು ಇನ್ನೂ ಜಟಿಲ. ಇದೇ ವರ್ಷಗಳಲ್ಲಿ ಕಾರ್ಮಿಕ ಬಲದಲ್ಲಿ 15 ವರ್ಷ ಮೇಲ್ಪಟ್ಟ ಹೆಂಗಸರ ಪಾಲ್ಗೊಳ್ಳುವಿಕೆ ಶೇ 24.5ರಿಂದ 30ಕ್ಕೆ, ಆಮೇಲೆ 32.5ಕ್ಕೆ ಏರಿತು. ಇದನ್ನು ದೊಡ್ಡ ಸಾಧನೆ ಅಂತ ಹೇಳಿದವರಿದ್ದಾರೆ. ಗಂಡನ ದುಡಿಮೆ ನಿಂತಾಗ ಹೆಂಡತಿ ಹೊಲಕ್ಕಿಳಿಯೋದು, ಎರಡು ಎಮ್ಮೆ ಕಟ್ಟೋದು, ಹೊಲಿಗೆ ಮಿಷನ್ ತೆಗೆಯೋದು ನಮ್ಮ ಮನೆಗಳಲ್ಲಿ ಹೊಸದಲ್ಲ. ಏರಿಕೆಯೆಲ್ಲ ಕಷ್ಟದಿಂದಲೇ ಬಂತು ಅಂತ ನಾನು ಹೇಳಲಾರೆ, ಮೊದಲು ಲೆಕ್ಕಕ್ಕೆ ಸಿಗದಿದ್ದ ಕೆಲಸ ಈಗ ಸರಿಯಾಗಿ ಸಿಗುತ್ತಿರುವುದೂ ಇರಬಹುದು. ಆದರೆ ಕೈಗೆ ಒಂದು ರೂಪಾಯಿ ಬಾರದ ಕೆಲಸಕ್ಕೆ ಸೇರಿದ್ದನ್ನು ಚೇತರಿಕೆ ಅನ್ನೋಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಇಲ್ಲಿ ಸಿಎಂಐಇ ಮತ್ತು ಸರ್ಕಾರದ ಅಂಕಿಗಳ ನಡುವೆ ಅಜಗಜಾಂತರ ಇರುವುದೂ ಇದೇ ಕಾರಣಕ್ಕೆ. ಸಿಎಂಐಇ ಕೇಳುವುದು ಹೆಚ್ಚು ಕಡಿಮೆ ಆ ದಿನದ ಸ್ಥಿತಿಯನ್ನು, ಅದರ ಲೆಕ್ಕದಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆ ಶೇ 10ರ ಆಸುಪಾಸಿನಲ್ಲೇ ಇರುತ್ತದೆ.

ಇದರ ಬುಡದಲ್ಲಿರುವ ಸತ್ಯ ಒಂದೇ: ನಮ್ಮಲ್ಲಿ ಬಡವರಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲ ಇಲ್ಲ. ನಿರುದ್ಯೋಗ ಭತ್ಯೆ ಕೊಡುವ ದೇಶಗಳಲ್ಲಿ ಕೆಲಸ ಹೋದವರು ಕೆಲವು ತಿಂಗಳು ಭತ್ಯೆಯ ಮೇಲೆ ಬದುಕುತ್ತಾ ಹುಡುಕುತ್ತಾರೆ, ಲೆಕ್ಕಕ್ಕೆ ಸಿಗುತ್ತಾರೆ. ಇಲ್ಲಿ ಆಟೊ ಓಡಿಸುವವರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ 2020ರ ಮೇನಲ್ಲಿ ರಾಜ್ಯ ಸರ್ಕಾರ ಘೋಷಿಸಿದ್ದು ಒಂದು ಸಲಕ್ಕೆ 5,000 ರೂಪಾಯಿ. ಅದರಲ್ಲಿ ಎಷ್ಟು ದಿನ ಹುಡುಕುತ್ತಾ ಕೂರೋಕಾಗುತ್ತೆ? ತರಕಾರಿ ಗಾಡಿ ತಳ್ಳಲೇಬೇಕು. ಗಾಡಿ ತಳ್ಳಿದ ದಿನ ನೀವು ಸ್ವಂತ ಉದ್ಯೋಗಿ. ಅದಕ್ಕೇ ಓದಿದವರು ಜಾಸ್ತಿ ಇರುವ, ಮನೆಯವರು ಕೆಲ ಕಾಲ ಸಾಕಬಲ್ಲ ಕೇರಳದಲ್ಲಿ 2019-20ರಲ್ಲಿ ನಿರುದ್ಯೋಗ ಶೇ 10 ಇದ್ದರೆ ಕರ್ನಾಟಕದಲ್ಲಿ ಶೇ 4.2. ನಾವು ಕೇರಳಕ್ಕಿಂತ ಎರಡು ಪಟ್ಟು ಚೆನ್ನಾಗಿದ್ದೇವೆ ಅಂತ ಇದರರ್ಥ ಅಲ್ಲ. 2020-21ರಲ್ಲಿ ನಮ್ಮ ದರ ಇನ್ನೂ ಇಳಿದು ಶೇ 2.7 ಆಯಿತು. ಅದೇ ವರ್ಷ ದೇಶದಲ್ಲಿ 11 ಕೋಟಿಯಷ್ಟು ಜನ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದರು. ಕರ್ನಾಟಕದಲ್ಲಿ ಆಗ ಅದರ ಕೂಲಿ ದಿನಕ್ಕೆ 275 ರೂಪಾಯಿ. ಆ ಯೋಜನೆ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಗರದ ಕೂಲಿ ಬಿಟ್ಟು ಕೆರೆ ಹೂಳೆತ್ತಲು ಬಂದವರನ್ನೂ ನಿರುದ್ಯೋಗ ದರ ಮೊದಲಿನಂತೆಯೇ ಕೆಲಸ ಇರುವವರು ಅಂತಲೇ ಎಣಿಸುತ್ತದೆ.

ಸಂಬಳದ ಸರಾಸರಿಯೂ ಹಿಂಜರಿತದಲ್ಲಿ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ 2020ರ ಏಪ್ರಿಲ್‌ನಲ್ಲಿ ಎರಡು ಕೋಟಿಗೂ ಹೆಚ್ಚು ಕೆಲಸ ಹೋಯಿತು, ಅದೇ ತಿಂಗಳು ಗಂಟೆಯ ಸರಾಸರಿ ಸಂಬಳ 1.34 ಡಾಲರ್ ಏರಿ 30.01 ಡಾಲರ್ ಆಯಿತು. ಯಾರಿಗೂ ಸಂಬಳ ಏರಿಸಿದ್ದಲ್ಲ. ಹೋಟೆಲು, ಅಂಗಡಿಗಳಲ್ಲಿ ಕಡಿಮೆ ಸಂಬಳಕ್ಕಿದ್ದವರು ಪಟ್ಟಿಯಿಂದ ಹೊರಗೆ ಬಿದ್ದರು, ಉಳಿದವರ ಸರಾಸರಿ ತಾನಾಗಿ ಮೇಲೆ ಹೋಯಿತು.

ಸಮಯದ ವಿಷಯ ಒಂದು ಮಾತಲ್ಲಿ ಹೇಳುತ್ತೇನೆ. ಸಾಮಾನ್ಯ ಹಿಂಜರಿತದಲ್ಲಿ ನಿರುದ್ಯೋಗ ಹಿಂದೆ ಹಿಂದೆ ಬರುತ್ತದೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತ 2009ರ ಜೂನ್‌ಗೆ ಮುಗಿಯಿತು, ಆದರೆ ನಿರುದ್ಯೋಗ ಶೇ 10ಕ್ಕೆ ಮುಟ್ಟಿದ್ದು ಆ ಅಕ್ಟೋಬರ್‌ನಲ್ಲಿ. ಜಿಡಿಪಿ ಚೇತರಿಸಿಕೊಂಡಿತು ಅನ್ನೋ ಸುದ್ದಿ ಬಂದ ಮೇಲೂ ಕಂಪನಿಗಳು ಜನರನ್ನು ಕಳಿಸುತ್ತಲೇ ಇರುತ್ತವೆ, ಹೊಸಬರನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತವೆ.

ಇದೆಲ್ಲ ಈಗ ಯಾಕೆ ಮುಖ್ಯ ಅಂದರೆ, 2025ರಿಂದ ಪಿಎಲ್‌ಎಫ್‌ಎಸ್ ಬದಲಾಗಿದೆ. ಹಳ್ಳಿ, ನಗರ ಎರಡಕ್ಕೂ ಸೇರಿಸಿ ಪ್ರತಿ ತಿಂಗಳೂ ವಾರದ ಲೆಕ್ಕದ ಅಂಕಿ ಬರುತ್ತಿದೆ. ಇದು ನಿಜಕ್ಕೂ ಒಳ್ಳೆಯ ಕೆಲಸ, ಮುಂದಿನ ಹಿಂಜರಿತ ಬಂದಾಗ ವರ್ಷಗಟ್ಟಲೆ ಕಾಯಬೇಕಿಲ್ಲ. ಆದರೆ ತಿಂಗಳ ಅಂಕಿಯನ್ನು ಓದೋಕೂ ತಾಳ್ಮೆ ಬೇಕು. ಮೊದಲ ಅಂಕಿ, 2025ರ ಏಪ್ರಿಲ್‌ನದ್ದು, ಶೇ 5.1. ಮೇನಲ್ಲಿ 5.6. ತಕ್ಷಣ "ನಿರುದ್ಯೋಗ ಏರಿಕೆ" ಅಂತ ತಲೆಬರಹಗಳು ಬಂದವು. ಹಿಂಗಾರು ಕಟಾವು ಮುಗಿದು ಮುಂಗಾರು ಬಿತ್ತನೆ ಶುರುವಾಗುವ ಮುಂಚೆ ಹೊಲದಲ್ಲಿ ಕೆಲಸ ಇರುವುದಿಲ್ಲ, ಇದು ಪ್ರತಿ ಬೇಸಿಗೆಯ ಕಥೆ. ಇಂಥ ಋತುಮಾನದ ಏರಿಳಿತವನ್ನು ಲೆಕ್ಕದಿಂದ ತೆಗೆಯಬೇಕಾದರೆ ಹಲವು ವರ್ಷಗಳ ತಿಂಗಳ ಅಂಕಿ ಬೇಕು. ಈ ಸರಣಿ ಇನ್ನೂ ಎಳೆಯದು. ಹಾಗಾಗಿ ಮೇ ತಿಂಗಳನ್ನು ಏಪ್ರಿಲ್ ಜೊತೆ ಅಲ್ಲ, ಹಿಂದಿನ ಮೇ ಜೊತೆ ಹೋಲಿಸಿ ನೋಡೋದು ವಾಸಿ.

ತಿಂಗಳ ವರದಿ ಬಂದಾಗ ನಾನಂತೂ ಮೊದಲು ನೋಡುವುದು ಜನಸಂಖ್ಯೆಯಲ್ಲಿ ಕೆಲಸ ಇರುವವರ ಪಾಲು. ಮೇಲೆ ಹೇಳಿದ ಊರಿನಲ್ಲಿ 54ರಿಂದ 49ಕ್ಕೆ ಬಿದ್ದದ್ದು ಅದೇ. ಹುಡುಕೋದನ್ನು ಬಿಟ್ಟವರನ್ನು ಆ ಅಂಕಿಯಲ್ಲಿ ಬಚ್ಚಿಡೋಕಾಗುವುದಿಲ್ಲ. ನಿರುದ್ಯೋಗ ದರ ಇಳಿದು ಈ ಪಾಲೂ ಇಳಿದಿದ್ದರೆ ಅದು ಕೆಟ್ಟ ಸುದ್ದಿ. ದರ ಇಳಿದು ಈ ಪಾಲು ಏರಿದ್ದರೆ, ಏರಿದ್ದು ಯಾವ ಕೆಲಸದಲ್ಲಿ, ಎಷ್ಟು ದುಡ್ಡಿಗೆ ಅನ್ನೋದು ಮುಂದಿನ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ವಾರ್ಷಿಕ ವರದಿಯ ಒಳಪುಟಗಳಲ್ಲಿರುತ್ತದೆ, ತಲೆಬರಹದಲ್ಲಿ ಇರುವುದಿಲ್ಲ. 2023-24ರ ವಾರ್ಷಿಕ ವರದಿ ತೆಗೆದು ನೋಡಿ. ನಿರುದ್ಯೋಗ ಶೇ 3.2. ಕೃಷಿಯಲ್ಲಿರುವ ಕೆಲಸಗಾರರು ಶೇ 46.1. ಲಾಕ್‌ಡೌನ್‌ಗೆ ಮುಂಚಿನ ಆ 42.5ಕ್ಕೆ, ನಾಲ್ಕು ವರ್ಷ ಕಳೆದರೂ, ಅದು ವಾಪಸ್ ಬಂದಿರಲಿಲ್ಲ.